ಬ್ಯಾಟನ್ ಬಿದ್ದರೆ ಪೆನ್ನಲ್ಲೇ ಬರೆಯಿರಿ

ಮುರಕಲ್ಲಿನ ಗಟ್ಟಿ ಮೈದಾನದಲ್ಲಿ ಬ್ಯಾಟನ್, ಅಂದರೆ ತಾಳಕ್ಕೆ ತಿರುಗಿಸಿ, ಎಸೆದು ಹಿಡಿಯುವ ಕೋಲು, ಗುಟ್ಟಾಗಿ ಬೀಳುವುದಿಲ್ಲ. ಮೊದಲು ‘ಟಣ್’ ಅಂತ ಒಂದು ಸದ್ದು, ಆಮೇಲೆ ಉರುಳುವ ಸದ್ದು, ಆಮೇಲೆ ಗೋಳಿಕಟ್ಟೆಯಲ್ಲಿ ಕೂತ ಹುಡುಗರ ನಗು. ಪದ್ಯ ಹೇಳುವಾಗ ಒಂದು ಸಾಲು ತಪ್ಪಿದರೆ ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ. ಇಲ್ಲಿ ಮಾತ್ರ ಹಿಂದಿನ ಸಾಲಿನ ಅಜ್ಜಿಗೂ ಗೊತ್ತಾಗುತ್ತದೆ.

ನಾನು ಬದಿಯಡ್ಕದ ಆಚೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಕಾಸರಗೋಡಿನ ಮನೆಗಳಿಗೆ ಗಲ್ಫಿನಿಂದ ಏನೇನೋ ಬರುತ್ತದೆ, ನಮ್ಮ ಶಾಲೆಗೆ ಬ್ಯಾಟನ್ ಬಂತು. ಒಬ್ಬಳು ಹುಡುಗಿಯ ಮಾವ ರಜೆಯಲ್ಲಿ ಬರುವಾಗ ಎರಡು ತಂದಿದ್ದರು. ಆಗಸ್ಟ್ 15ಕ್ಕೆ ಬ್ಯಾಂಡಿನ ಮುಂದೆ ಇಬ್ಬರು ತಿರುಗಿಸಿದರು. ಮರುವರ್ಷ ಎಂಟು ಮಂದಿ ಬಂದರು. ಕಲಿಸಲು ಬೇರೆ ಯಾರೂ ಇರಲಿಲ್ಲ, ಹಾಗಾಗಿ ನಾನೇ ಕಲಿತೆ, ಮಕ್ಕಳ ಜೊತೆಗೇ ಬೀಳಿಸುತ್ತಾ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ. ಮನೆಯಲ್ಲಿ ಬ್ಯಾಟನ್ ಹಿಡಿದ ಮಗು ಇದ್ದರೆ, ಅಥವಾ ನಿಮ್ಮ ಶಾಲೆಯಲ್ಲಿ ಶುರು ಮಾಡುವ ಯೋಚನೆ ಇದ್ದರೆ, ಉಪಯೋಗಕ್ಕೆ ಬಂದೀತು.

ನೋಡಲು ಇದು ಬ್ಯಾಂಡಿನ ಮುಂದೆ ನಡೆಯುವ ಡ್ರಮ್ ಮೇಜರನ ದಂಡದ ತಂಗಿಯ ಹಾಗೆ ಇದೆ. ಆದರೆ ಅದನ್ನು ತಿರುಗಿಸುವುದು ಈಗ ಬ್ಯಾಟನ್ ಟ್ವರ್ಲಿಂಗ್ ಅನ್ನುವ ತನ್ನದೇ ಆದ ಕ್ರೀಡೆ. ಇದಕ್ಕೆಂದು ವಿಶ್ವ ಫೆಡರೇಶನ್ ಆದದ್ದು 1977ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1980ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ. ಜಪಾನಿನ ಮಕ್ಕಳು ಇದರಲ್ಲಿ ತುಂಬಾ ಮುಂದೆ. ನಮ್ಮ ಊರಿನವರಿಗೆ ತಾಲೀಮಿನ ಕೋಲು ಗೊತ್ತು, ಕೋಲಾಟವೂ ಗೊತ್ತು. ಹಾಗಾಗಿ ಮಗಳು ಕೋಲು ತಿರುಗಿಸುವುದನ್ನು ನೋಡಿ ಯಾರೂ ಗಾಬರಿಯಾಗುವುದಿಲ್ಲ. “ಇದರಲ್ಲಿ ಮಾರ್ಕು ಸಿಗ್ತದಾ ಟೀಚರೇ?” ಅಂತ ಕೇಳುತ್ತಾರೆ, ಅಷ್ಟೆ.

ಮೊದಲು ಕೋಲು ಸರಿಯಾಗಲಿ

ಬ್ಯಾಟನ್ ಅಂದರೆ ಒಳಗೆ ಟೊಳ್ಳಾದ ಲೋಹದ ಸರಳು, ಎರಡು ತುದಿಗೂ ರಬ್ಬರ್. ಒಂದು ತುದಿಯ ರಬ್ಬರ್ ದೊಡ್ಡದು, ಅದನ್ನು ಬಾಲ್ ಅನ್ನುತ್ತಾರೆ. ಇನ್ನೊಂದು ಚಿಕ್ಕದು, ಅದು ಟಿಪ್. ಹೀಗಾಗಿ ತೂಕ ನಿಲ್ಲುವ ಜಾಗ ಸರಿಯಾಗಿ ನಡುವಿನಲ್ಲಿ ಇರುವುದಿಲ್ಲ, ಬಾಲ್ ಕಡೆಗೆ ತುಸು ಸರಿದಿರುತ್ತದೆ. ಒಂದು ಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ನೋಡಿ. ಎಲ್ಲಿ ಅಲುಗಾಡದೆ ನಿಲ್ಲುತ್ತದೋ ಅಲ್ಲಿಗೆ ಒಂದು ಸುತ್ತು ಟೇಪ್ ಹಾಕಿ. ಹೊಸಬರು ಹಿಡಿಯಬೇಕಾದದ್ದು ಅಲ್ಲೇ, ಹೆಬ್ಬೆರಳು ಬಾಲ್ ಕಡೆಗೆ.

ಉದ್ದಕ್ಕೆ ಸುಲಭ ಅಳತೆ ಇದೆ. ಮಗು ಕೈಯನ್ನು ಪಕ್ಕಕ್ಕೆ ಚಾಚಲಿ. ಒಂದು ತುದಿ ಕಂಕುಳಲ್ಲಿಟ್ಟರೆ ಇನ್ನೊಂದು ತುದಿ ನಡುಬೆರಳಿನ ತುದಿಗೆ ಬರಬೇಕು. ಹತ್ತು ವರ್ಷದವರಿಗೆ ಹೆಚ್ಚಾಗಿ 22ರಿಂದ 24 ಇಂಚು ಆಗುತ್ತದೆ. ಬೆಳೆಯುವ ಮಗು ಅಂತ ಒಂದು ಇಂಚು ಜಾಸ್ತಿ ತೆಗೆದುಕೊಳ್ಳಬಹುದು. ಆದರೆ ಯೂನಿಫಾರ್ಮ್ ಹೊಲಿಸುವ ಹಾಗೆ ‘ಮೂರು ವರ್ಷಕ್ಕೆ ಸಾಕು’ ಅಂತ ತೆಗೆದರೆ ಮೊಣಕೈಗೆ ಬಡಿದು ಮಗು ವಾರದೊಳಗೆ ಬಿಟ್ಟುಬಿಡುತ್ತದೆ.

ಕೊಳ್ಳಲು ಆಗದವರು ಮನೆಯಲ್ಲೇ ಮಾಡಿ. ನಮ್ಮಲ್ಲಿ ಹೆಚ್ಚಿನ ಮಕ್ಕಳು ಕಲಿತದ್ದು ಪಿವಿಸಿ ಪೈಪಿನ ತುಂಡಿನಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿ ಕಾಲಿಗೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ, ಒಂದು ದೊಡ್ಡದು, ಒಂದು ಚಿಕ್ಕದು ತನ್ನಿ. ಬರಿ ಪೈಪ್ ತುಂಬಾ ಹಗುರ, ಗಾಳಿಗೆ ದಿಕ್ಕು ತಪ್ಪುತ್ತದೆ. ಅದಕ್ಕೆ ಬುಷ್ ಹಾಕುವ ಮೊದಲು ಎರಡು ತುದಿಯ ಹೊರಗೂ ಇನ್ಸುಲೇಷನ್ ಟೇಪನ್ನು ನಾಲ್ಕೈದು ಸುತ್ತು ಬಿಗಿಯಾಗಿ ಸುತ್ತಿ. ತೂಕವೂ ಸ್ವಲ್ಪ ಬರುತ್ತದೆ, ಬುಷ್ ಕಳಚಿ ಹಾರುವುದೂ ಇಲ್ಲ. ಪೈಪಿನ ಕತ್ತರಿಸಿದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಲು ಮರೆಯಬೇಡಿ. ಬುಷ್ ಕಳಚಿದ ದಿನ ಅದೇ ಅಂಚು ಕೆನ್ನೆಗೆ ತಾಗುವುದು.

ಜಾಗ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಲೆ ಮೇಲೆ ಕರೆಂಟ್ ತಂತಿ ಇರಬಾರದು. ಕೈ ಚಾಚಿದರೆ ಬ್ಯಾಟನ್ ತುದಿ ಇನ್ನೊಬ್ಬರಿಗೆ ತಾಗಬಾರದು, ಅದರ ಮೇಲೆ ಇನ್ನೂ ಎರಡು ಹೆಜ್ಜೆ ಬಿಡಿ. ಮಳೆಗಾಲದಲ್ಲಿ ಜಗಲಿಯಲ್ಲಿ ನೆಲಮಟ್ಟದ ಅಭ್ಯಾಸ ಮಾತ್ರ, ಎಸೆಯುವುದು ಬೇಡ. ಮಳೆ ಬಿಟ್ಟ ಮೇಲೆ ಅಂಗಳ ಸಿಗುತ್ತದೆ ಅಂದುಕೊಂಡರೆ ಅಷ್ಟರಲ್ಲಿ ಅಡಿಕೆ ಹರಡಿ ಆಗಿರುತ್ತದೆ. ಅಡಿಕೆಯ ಮೇಲೆ ಓಡಿದರೆ ಅಜ್ಜ ಬಿಡುವುದಿಲ್ಲ, ಬಿಡಬಾರದು ಕೂಡ. ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಜಾಗ ಧಾರಾಳ, ಆದರೆ ಗಾಳಿ ಇದೆ. ಬೆಳಿಗ್ಗೆ ಬೇಗ ಹೋಗಿ.

ಪುಸ್ತಕ, ಪೆನ್ನು

ಈ ಲೇಖನದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ನಮ್ಮಲ್ಲಿ ಪ್ರತಿ ಮಗುವಿಗೂ ಒಂದು ಪುಸ್ತಕ ಇದೆ. ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳು ಸಾಕು. ನಾಲ್ಕು ಗೆರೆ ಎಳೆಯಬೇಕು: ತಾರೀಕು, ಏನು ಮಾಡಿದೆ, ಎಷ್ಟು ಸಲ, ಎಷ್ಟು ಬಿತ್ತು. ಬಲಗೈಗೆ ಬೇರೆ, ಎಡಗೈಗೆ ಬೇರೆ. ಬರೆಯುವವರು ಮಗುವೇ. ಅಮ್ಮ ಅಲ್ಲ, ಟೀಚರ್ ಅಲ್ಲ.

ಮೊದಲ ವರ್ಷ ಪೆನ್ಸಿಲ್ಲಿನಲ್ಲಿ ಬರೆಸುತ್ತಿದ್ದೆ. ಏಳನೇ ಕ್ಲಾಸಿನ ಒಬ್ಬಳು ಥಂಬ್ ಫ್ಲಿಪ್ ಕಲಿಯುತ್ತಿದ್ದಳು. ಬ್ಯಾಟನ್ ಹೆಬ್ಬೆರಳಿನ ಮೇಲೆ ಒಂದು ಸುತ್ತು ಉರುಳಿ ಮತ್ತೆ ಅಂಗೈಗೆ ಬರುವ ವಿದ್ಯೆ ಅದು. ಅವಳ ಪುಸ್ತಕದಲ್ಲಿ ‘20 ಸಲ, ಬಿದ್ದದ್ದು 3’ ಅಂತಿತ್ತು. ಆ 3ರ ಕೆಳಗೆ ಕಾಗದ ತೆಳ್ಳಗಾಗಿತ್ತು. ಬೆಳಕಿಗೆ ಹಿಡಿದರೆ ಉಜ್ಜಿದ 11 ಚೆನ್ನಾಗೇ ಕಾಣುತ್ತಿತ್ತು. ನಾನು ಏನೂ ಹೇಳಲಿಲ್ಲ. ಪುಸ್ತಕದ ಪ್ರಕಾರ ಥಂಬ್ ಫ್ಲಿಪ್ ಆಯಿತಲ್ಲ, ಹಾಗಾದರೆ ಮುಂದಿನದು ಅಂತ ಕಾಲಿನಡಿಯಿಂದ ದಾಟಿಸುವುದು ಕೊಟ್ಟೆ. ಅದರ ಕೊನೆಗೂ ಥಂಬ್ ಫ್ಲಿಪ್ಪೇ ಬರುತ್ತದೆ. ಅವಳಿಗೆ ಒಂದೂ ಬರಲಿಲ್ಲ. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಅವಳೇ ಬಂದು, “ಟೀಚರೇ, ಹಿಂದಿನದನ್ನೇ ಇನ್ನೊಂದು ಸಲ ಮಾಡ್ತೇನೆ” ಅಂದಳು. ಅವತ್ತು ಅವಳ ಕೈಯಲ್ಲಿ ನೀಲಿ ಪೆನ್ನು ಇತ್ತು. ನಾನು ಹೇಳಿಕೊಟ್ಟದ್ದಲ್ಲ. ಮರುದಿನದಿಂದ ಎಲ್ಲರಿಗೂ ಪೆನ್ನು ಕಡ್ಡಾಯ ಮಾಡಿದೆ.

ಸ್ಪರ್ಧೆಯಲ್ಲಿ ಮೋಸ ಮಾಡಬೇಡ ಅಂತ ಮಕ್ಕಳಿಗೆ ಎಷ್ಟು ಭಾಷಣ ಮಾಡಿದರೂ ಒಂದು ಕಿವಿಯಿಂದ ಹೋಗಿ ಇನ್ನೊಂದರಿಂದ ಬರುತ್ತದೆ. ಯಾರೂ ನೋಡದ ಪುಸ್ತಕದಲ್ಲಿ ತನ್ನದೇ 11ನ್ನು 11 ಅಂತ ಬರೆಯುವ ಅಭ್ಯಾಸ ಆದರೆ ಉಳಿದದ್ದು ಜಾಸ್ತಿ ಕಲಿಸಬೇಕಾಗಿ ಬರುವುದಿಲ್ಲ. ಇದರಲ್ಲಿ ಇನ್ನೊಂದು ಲಾಭವೂ ಇದೆ. ನಾಳೆ ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಪುಸ್ತಕವೇ ಹೇಳುತ್ತದೆ. ಯಾವ ಸಾಲಿನಲ್ಲಿ ಜಾಸ್ತಿ ಬಿದ್ದಿದೆಯೋ ಅದು ಮೊದಲು. ಮಕ್ಕಳು ಸುಮ್ನೆ ಬಿಟ್ಟರೆ ಬರುವುದನ್ನೇ ಮಾಡುತ್ತಾ ಕೂರುತ್ತಾರೆ. ಬರುವುದನ್ನು ಒಂದು ಗಂಟೆ ಮಾಡಿ ಬೆವರಿದರೆ ನೋಡುವವರಿಗೆ ತುಂಬಾ ಕಷ್ಟಪಟ್ಟ ಹಾಗೆ ಕಾಣುತ್ತದೆ, ಅಲ್ವಾ? ಬಾರದ್ದನ್ನು ಇಪ್ಪತ್ತು ನಿಮಿಷ ಮಾಡಿದರೆ ಬೆವರು ಕಡಿಮೆ, ಬೇಜಾರು ಜಾಸ್ತಿ. ಕೆಲಸ ಆಗುವುದು ಎರಡನೆಯದರಲ್ಲಿ.

ಯಾವುದು ಮೊದಲು, ಯಾವುದು ಆಮೇಲೆ

ಬ್ಯಾಟನ್ನಿನ ಎಲ್ಲ ಚಮತ್ಕಾರವೂ ಮೂರು ಗುಂಪಿಗೆ ಸೇರುತ್ತದೆ. ಕೈಬೆರಳಿನಲ್ಲೇ ತಿರುಗಿಸುವುದು ಒಂದು. ಹಿಡಿಯದೆ ಮೈಮೇಲೆ, ಮೊಣಕೈ, ಭುಜ, ಕುತ್ತಿಗೆಯ ಮೇಲೆ ಉರುಳಿಸುವುದು ಎರಡು. ಗಾಳಿಗೆ ಬಿಟ್ಟು ಹಿಡಿಯುವುದು ಮೂರು. ಮಕ್ಕಳಿಗೆ ಮೂರನೆಯದೇ ಬೇಕು, ಮೊದಲ ದಿನವೇ ಬೇಕು. ಕೊಡಬೇಡಿ.

ಎಂಟರ ಆಕಾರದಿಂದ ಶುರು ಮಾಡಿ. ಬ್ಯಾಟನ್ ಮೈಯ ಒಂದು ಬದಿ ಒಂದು ಸುತ್ತು, ಇನ್ನೊಂದು ಬದಿ ಒಂದು ಸುತ್ತು. ತಿರುಗಬೇಕಾದದ್ದು ಮಣಿಕಟ್ಟು, ತೋಳಲ್ಲ. ತೋಳು ಬೀಸುವ ಮಗುವನ್ನು ಗೋಡೆಗೆ ಬೆನ್ನು ಹಚ್ಚಿ, ಮೊಣಕೈ ಸೊಂಟಕ್ಕೆ ತಾಗಿಸಿ ನಿಲ್ಲಿಸಿದರೆ ಒಂದೇ ದಿನದಲ್ಲಿ ಸರಿಯಾಗುತ್ತದೆ. ಆಮೇಲೆ ಮಲಗಿದ ಸುತ್ತು, ಅಂದರೆ ನೆಲಕ್ಕೆ ಸಮನಾಗಿ, ದೋಸೆಕಲ್ಲಿನ ಹಾಗೆ ಚಪ್ಪಟೆ. ನಿಂತ ಸುತ್ತು ನಿಂತೇ ಇರಬೇಕು, ಮಲಗಿದ್ದು ಮಲಗಿಯೇ ಇರಬೇಕು. ನಡುವೆ ಓರೆಯಾದರೆ ತೀರ್ಪುಗಾರರ ಕಣ್ಣಿಗೆ ಮೊದಲು ಬೀಳುವುದು ಅದೇ.

ಎಡಗೈಯನ್ನು ಎಲ್ಲರೂ ಮರೆಯುತ್ತಾರೆ. ಬಲಗೈಗೆ ಹತ್ತು ನಿಮಿಷ ಕೊಟ್ಟರೆ ಎಡಗೈಗೆ ಹದಿನೈದು ಕೊಡಿ. ಎಡಗೈ ಬಾರದವಳು ಸ್ಪರ್ಧೆಯಲ್ಲಿ ಎರಡೂ ಕೈ ಚಾಚಿ ಬ್ಯಾಟನ್ ತಬ್ಬಿಕೊಳ್ಳುತ್ತಾಳೆ. ಎರಡು ಕೈಯಲ್ಲಿ ಹಿಡಿದದ್ದಕ್ಕೂ ಅಂಕ ಕಳೆಯುವುದುಂಟು.

ಎಸೆಯುವ ಹೊತ್ತಿಗೆ ಸ್ವಲ್ಪ ಲೆಕ್ಕ ಹೇಳಿಕೊಡಿ, ಮಕ್ಕಳಿಗೆ ಅದು ಇಷ್ಟವಾಗುತ್ತದೆ. ಕೈಯಿಂದ 3 ಮೀಟರ್ ಮೇಲಕ್ಕೆ ಹೋದ ಬ್ಯಾಟನ್ ಅದೇ ಎತ್ತರದ ಕೈಗೆ ವಾಪಸ್ ಬರಲು ಸುಮಾರು ಒಂದೂವರೆ ಸೆಕೆಂಡ್ ಬೇಕು. ಕವಾಯತಿನ ಹಾಡು ಸಾಮಾನ್ಯವಾಗಿ ನಿಮಿಷಕ್ಕೆ 120 ಪೆಟ್ಟು, ಅಂದರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡ್. ಹಾಗಾಗಿ ‘ಒಂದು’ ಅನ್ನುವಾಗ ಬಿಟ್ಟರೆ ‘ನಾಲ್ಕು’ ಅನ್ನುವಾಗ ಕೈಗೆ ಬರಬೇಕು. ಇದರ ನಡುವೆ ಒಂದು ಸುತ್ತು ತಾನು ತಿರುಗಬಹುದು. “ಎರಡು ಪಟ್ಟು ಹೊತ್ತು ಸಿಗಬೇಕಾದರೆ ಎರಡು ಪಟ್ಟು ಎತ್ತರ ಎಸೆದರೆ ಸಾಕಲ್ವಾ ಟೀಚರೇ?” ಅಂತ ಒಬ್ಬನಾದರೂ ಕೇಳುತ್ತಾನೆ. ಸಾಲದು. ನಾಲ್ಕು ಪಟ್ಟು ಬೇಕು. ಅಂದರೆ 12 ಮೀಟರ್, ಬೆಳೆದ ಅಡಿಕೆ ಮರದಷ್ಟು. ಅಷ್ಟು ಎತ್ತರದಿಂದ ಬರುವ ಬ್ಯಾಟನ್ ಕೈಬೆರಳನ್ನು ಊದಿಸಿ ಕೂರಿಸುತ್ತದೆ. ಎಸೆತ ಏರಿಸುವ ಬದಲು ತಾನು ಬೇಗ ತಿರುಗಲು ಕಲಿಯುವುದು ಬುದ್ಧಿವಂತಿಕೆ. ತಿರುಗುವುದನ್ನು ಮೊದಲು ಬರಿಗೈಯಲ್ಲಿ ಕಲಿಸಿ.

ದಿನಕ್ಕೆ ಮೂವತ್ತು ನಲವತ್ತು ನಿಮಿಷ ಸಾಕು. ಮಣಿಕಟ್ಟು ನೋಯುತ್ತಿದೆ ಅಂದರೆ ಅವತ್ತಿಗೆ ನಿಲ್ಲಿಸಿ. ಮರುದಿನವೂ ನೋವಿದ್ದರೆ ಡಾಕ್ಟರಿಗೆ ತೋರಿಸಿ. ಪೂರ್ತಿ ಶಕ್ತಿ ಹಾಕು ಅಂದರೆ ನೋವು ನುಂಗು ಅಂತ ಅರ್ಥ ಮಾಡಿಕೊಳ್ಳುವ ಮಕ್ಕಳಿದ್ದಾರೆ, ಅದರಲ್ಲೂ ಹೇಳಿದ್ದನ್ನು ಕೇಳುವ ಮಕ್ಕಳು. ಅವರನ್ನೇ ಜಾಸ್ತಿ ನೋಡಿಕೊಳ್ಳಬೇಕು.

ಬಿದ್ದ ಮೇಲಿನ ಎರಡು ಸೆಕೆಂಡ್

ಸ್ಪರ್ಧೆಗೆ ಮೂರು ವಾರ ಇರುವಾಗಿನಿಂದ ದಿನಕ್ಕೆ ಒಂದು ಸಲ ಪೂರ್ತಿ ಕಾರ್ಯಕ್ರಮ ಮಾಡಿಸಿ. ನಿಯಮ ಒಂದೇ, ನಡುವೆ ನಿಲ್ಲಿಸುವಂತಿಲ್ಲ. ಬಿದ್ದರೆ ಹೆಕ್ಕಿ, ಹಾಡು ಎಲ್ಲಿಗೆ ತಲುಪಿದೆಯೋ ಅಲ್ಲಿಂದ ಸೇರಿಕೊಳ್ಳಬೇಕು. “ಅಯ್ಯೋ, ಮೊದಲಿನಿಂದ ಮಾಡ್ತೇನೆ” ಅನ್ನುವಂತಿಲ್ಲ. ಮೊದಲಿನಿಂದ ಮಾಡಿ ಮಾಡಿ ನಮ್ಮ ಮಕ್ಕಳಿಗೆ ಕಾರ್ಯಕ್ರಮದ ಮೊದಲ ಅರ್ಧ ನಿದ್ದೆಯಲ್ಲೂ ಬರುತ್ತಿತ್ತು, ಕೊನೆಯ ಅರ್ಧ ಎಚ್ಚರದಲ್ಲೂ ಬರುತ್ತಿರಲಿಲ್ಲ.

ಹೆಕ್ಕುವುದನ್ನೂ ಕಲಿಸಬೇಕು. ನಾಲಿಗೆ ಕಚ್ಚುವುದು, ಹಣೆ ಚಚ್ಚಿಕೊಳ್ಳುವುದು, ಟೀಚರ್ ಮುಖ ನೋಡುವುದು, ಇದೆಲ್ಲಕ್ಕೂ ಹೊತ್ತು ಬೇಕು. ನಾನು ಬೇಕೆಂದೇ ಬ್ಯಾಟನ್ ನೆಲಕ್ಕೆ ಹಾಕಿಸಿ, ಎರಡು ಸೆಕೆಂಡಿನಲ್ಲಿ ಹೆಕ್ಕಿ ಮುಂದಿನ ಎಣಿಕೆಗೆ ಸೇರುವುದನ್ನು ದಿನಕ್ಕೆ ಐದು ಸಲ ಮಾಡಿಸುತ್ತೇನೆ. ಬಿದ್ದಾಗ ಉಳಿದ ಮಕ್ಕಳು ನಗುವಂತಿಲ್ಲ. ಹೆಕ್ಕಿ ಸರಿಯಾದ ತಾಳಕ್ಕೆ ಸೇರಿದರೆ ಮಾತ್ರ ಚಪ್ಪಾಳೆ. ಗೋಳಿಕಟ್ಟೆಯ ಹುಡುಗರಿಗೆ ಈ ನಿಯಮ ಹೇಳಿ ಪ್ರಯೋಜನವಿಲ್ಲ ಅಂದುಕೊಂಡಿದ್ದೆ. ಅವರಲ್ಲಿ ಇಬ್ಬರು ಈಗ ನಮ್ಮ ತಂಡದಲ್ಲಿದ್ದಾರೆ.

ಯಾವ ಗುಂಪಿಗೆ ಹೆಸರು ಕೊಡುವುದು

ಇಲ್ಲಿ ತಪ್ಪು ಮಾಡುವವರು ಮಕ್ಕಳಲ್ಲ, ನಾವು. ಅಮೆರಿಕದ ಸ್ಪರ್ಧೆಗಳಲ್ಲಿ ವಯಸ್ಸಿನ ಗುಂಪಿನ ಜೊತೆಗೆ ಅನುಭವದ ಗುಂಪೂ ಇರುತ್ತದೆ: ಹೊಸಬರು, ಸ್ವಲ್ಪ ಕಲಿತವರು, ನಡುವಿನವರು, ಪಳಗಿದವರು. ಇಷ್ಟು ಸಲ ಗೆದ್ದರೆ ಮುಂದಿನ ಗುಂಪಿಗೆ ಹೋಗಲೇಬೇಕು. ನಿಯಮದ ಉದ್ದೇಶ ಸರಳ, ಪಳಗಿದವರು ಕೆಳಗಿನ ಗುಂಪಿನಲ್ಲಿ ಕೂತು ಕಪ್ ಬಾಚಬಾರದು.

ಒಂದು ವರ್ಷ ಪಕ್ಕದ ಊರಿನ ಒಂದು ಸ್ಪರ್ಧೆಯಲ್ಲಿ ‘ಹೊಸಬರು’, ‘ಹಳಬರು’ ಅಂತ ಎರಡೇ ಗುಂಪು ಇಟ್ಟಿದ್ದರು. ನಾನು ಮೂರು ವರ್ಷ ಕಲಿತ ಹುಡುಗಿಯ ಹೆಸರನ್ನು ಹೊಸಬರಲ್ಲಿ ಕೊಟ್ಟೆ. ನನ್ನ ತರ್ಕ: ಈ ಸ್ಪರ್ಧೆಗೆ ಅವಳು ಹೊಸಬಳೇ ತಾನೇ? ಫಾರ್ಮಿನಲ್ಲಿ ಎಷ್ಟು ವರ್ಷ ಅಂತ ಕೇಳಿರಲಿಲ್ಲ. ಅವಳು ಗೆದ್ದಳು, ಸುಲಭದಲ್ಲಿ ಗೆದ್ದಳು. ಎರಡನೆಯವಳ ಕೈಯಲ್ಲಿದ್ದದ್ದು ಪಿವಿಸಿ ಪೈಪ್, ಕಪ್ಪು ಟೇಪು, ಕುರ್ಚಿಯ ಬುಷ್ಷು. ಬಸ್ಸಿನಲ್ಲಿ ವಾಪಸ್ ಬರುವಾಗ ನಮ್ಮವಳು ಕಪ್ಪನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಬೇರೆ ಮಕ್ಕಳು ಕೇಳಿದರೂ ತೋರಿಸಲಿಲ್ಲ. ಅವಳ ಪುಸ್ತಕದಲ್ಲಿ ಅವತ್ತಿನ ಸಾಲಿನಲ್ಲಿ ‘ಬಿದ್ದದ್ದು 0’ ಅಂತ ಬರೆದು, ಪಕ್ಕದಲ್ಲಿ ‘ಹೊಸಬರು’ ಅಂತ ಬರೆದಿದ್ದಳು, ಅಷ್ಟೆ. ಅದನ್ನು ನೋಡಿದ ಮೇಲೆ ಫಾರ್ಮಿನಲ್ಲಿ ಕೇಳದಿದ್ದರೂ ಎಷ್ಟು ವರ್ಷ ಕಲಿತಿದ್ದಾರೆ ಅಂತ ಒಂದು ಸಾಲು ಬರೆದೇ ಕಳಿಸುತ್ತೇನೆ. ಯಾವ ಗುಂಪು ಅಂತ ಸಂಶಯ ಬಂದರೆ ಮೇಲಿನದಕ್ಕೆ.

ಸ್ಪರ್ಧೆಯ ದಿನ

ತೀರ್ಪುಗಾರರು ಏನು ನೋಡುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ. ಒಬ್ಬೊಬ್ಬರೇ ಮಾಡುವ ಸೋಲೋದಲ್ಲಿ ಸಾಮಾನ್ಯವಾಗಿ ವೈವಿಧ್ಯ, ಕಷ್ಟದ ಮಟ್ಟ, ವೇಗ ಮತ್ತು ಹಿಡಿತ, ನಯ, ಒಟ್ಟು ಪ್ರದರ್ಶನ, ಇಷ್ಟನ್ನು ನೋಡುತ್ತಾರೆ. ಬಿದ್ದ ಪ್ರತಿ ಸಲಕ್ಕೂ ಅಂಕ ಕಳೆಯುತ್ತಾರೆ. ಹತ್ತರಲ್ಲಿ ಎಂಟು ಸಲ ಬೀಳುವ ಕಷ್ಟದ ಎಸೆತವನ್ನು ‘ಅದೃಷ್ಟ ಇದ್ದರೆ ಬರುತ್ತದೆ’ ಅಂತ ಸೇರಿಸಬೇಡಿ. ಪುಸ್ತಕ ತೆಗೆದು ನೋಡಿ. ನಮ್ಮ ಲೆಕ್ಕ: ಕೊನೆಯ ವಾರದಲ್ಲಿ 20ಕ್ಕೆ 16 ಸಲವಾದರೂ ಕೈಗೆ ಬಂದಿದ್ದರೆ ಒಳಗೆ, ಇಲ್ಲದಿದ್ದರೆ ಮುಂದಿನ ವರ್ಷ.

ಕೆಲವು ಕಡೆ ಒಂದೇ ಅಂಗಣದಲ್ಲಿ ಹಲವು ಮಕ್ಕಳು ಸಾಲಾಗಿ ನಿಂತು ಒಂದೇ ಹಾಡಿಗೆ ಒಟ್ಟಿಗೇ ಮಾಡುತ್ತಾರೆ, ಒಬ್ಬೊಬ್ಬರ ಎದುರು ಒಬ್ಬೊಬ್ಬ ತೀರ್ಪುಗಾರ. ಇಲ್ಲಿ ಬ್ಯಾಟನ್ ಪಕ್ಕದವಳ ಜಾಗಕ್ಕೆ ಉರುಳಿ ಹೋದರೆ ನುಗ್ಗಬೇಡಿ ಅಂತ ಮೊದಲೇ ಹೇಳಿ. ಅವಳ ಎಸೆತ ಮುಗಿದು ಬ್ಯಾಟನ್ ಅವಳ ಕೈಗೆ ಬರಲಿ, ಆಮೇಲೆ ಬಗ್ಗಿ ಹೆಕ್ಕಲಿ. ಎರಡು ಸೆಕೆಂಡ್ ಹೋದರೆ ಹೋಯಿತು. ಅವಳ ಬ್ಯಾಟನ್ ನಮ್ಮ ಕಾಲ ಬುಡಕ್ಕೆ ಬಂದರೆ ಒದೆಯಬಾರದು, ದಾಟಿ ಮಾಡಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಮೈದಾನದಲ್ಲಿ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ, ಬೇಕೆಂದೇ ಉರುಳಿಸಿ ಅಭ್ಯಾಸ ಮಾಡಿಸಿ.

ಇನ್ನು ನಮ್ಮ ಕಡೆಯ ಒಂದು ವಿಷಯ. ಮೈಕಿನಲ್ಲಿ ಚೆಸ್ಟ್ ನಂಬರ್ ಕೂಗುವುದು ಹೆಚ್ಚಾಗಿ ಮಲಯಾಳದಲ್ಲಿ. ಪೇಟೆಯ ಮಕ್ಕಳಿಗೆ ತೊಂದರೆಯಿಲ್ಲ. ಒಳಗಿನ ಊರುಗಳ ಕೆಲವು ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಬಿಡಿಯಲ್ಲಿ ಮಲಯಾಳದ ಸಂಖ್ಯೆ ತಲೆಗೆ ಹೋಗುವುದಿಲ್ಲ. ನಂಬರ್ ಸಿಕ್ಕಿದ ಕೂಡಲೇ ಅದನ್ನು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಹತ್ತು ಸಲ ಹೇಳಿಸಿ. ಬೇರೆ ಶಾಲೆಯ ಮಗು ಪೆದ್ದು ಪೆದ್ದಾಗಿ ನೋಡುತ್ತಾ ನಿಂತಿದ್ದರೆ ಅದಕ್ಕೂ ಹೇಳಿ. ಎದುರಾಳಿ ಗೈರುಹಾಜರಾದರೆ ನಮಗೆ ಒಳ್ಳೆಯದು ಅಂತ ಪಿಸುಗುಟ್ಟಿದ ದೊಡ್ಡವರನ್ನೂ ನೋಡಿದ್ದೇನೆ.

ಮನೆಯವರಿಗೆ

ಕೇರಳದ ಶಾಲಾ ಕಲೋತ್ಸವ ನೋಡಿದವರಿಗೆ ನಾನು ಏನು ಹೇಳುತ್ತೇನೆ ಅಂತ ಗೊತ್ತು. ಅದರ ಪಟ್ಟಿಯಲ್ಲಿ ಬ್ಯಾಂಡ್ ಮೇಳ ಇದೆ, ನಮ್ಮ ಯಕ್ಷಗಾನವೂ ಇದೆ, ಬ್ಯಾಟನ್ ಇಲ್ಲ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅಲ್ಲಿ ಎ ಗ್ರೇಡಿಗೆ 5 ಪಾಯಿಂಟ್, ಬಿ ಗೆ 3, ಸಿ ಗೆ 1. ಗ್ರೇಡಿನ ಹಿಂದೆ ಗ್ರೇಸ್ ಮಾರ್ಕು, ಅದರ ಹಿಂದೆ ಅಪೀಲು. ಎಲ್ಲರಿಗಿಂತ ಮುಂದೆ ಬಂದ ಹುಡುಗಿಗೆ, ಹುಡುಗನಿಗೆ ಕೊಡುತ್ತಿದ್ದ ಕಲಾತಿಲಕ, ಕಲಾಪ್ರತಿಭೆ ಅನ್ನುವ ಪಟ್ಟಗಳನ್ನು ಹಿಂದೆಯೇ ಕೈಬಿಟ್ಟರು, ಆದರೂ ಪೈಪೋಟಿಯ ಕಾವು ಆರಲಿಲ್ಲ. 2019ರಲ್ಲಿ ಕಾಞಂಗಾಡಿನಲ್ಲಿ 60ನೇ ರಾಜ್ಯ ಕಲೋತ್ಸವ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ವೇದಿಕೆಯ ಮೇಲಿನದ್ದನ್ನು ಬಾಯಿಬಿಟ್ಟು ನೋಡಿದರು. ವೇದಿಕೆಯ ಹಿಂದೆ ಮೇಕಪ್ ಒರೆಸದ ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಪ್ಪ ಒಬ್ಬರು ಫೋನಿನಲ್ಲಿ ಜಗಳವಾಡುತ್ತಿದ್ದರು. ಅದನ್ನೂ ನೋಡಿದರು.

ಅಪೀಲು ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಅಂಕ ಕೂಡಿಸುವಾಗ ತಪ್ಪಾಗಿದ್ದರೆ, ಹಾಡು ಅರ್ಧಕ್ಕೆ ನಿಂತಿದ್ದರೆ, ಹೋಗಿ ಮರ್ಯಾದೆಯಿಂದ ಕೇಳಿ. ಕೇಳುವವರು ಟೀಚರ್ ಆಗಿರಲಿ, ಮಗುವನ್ನು ಎದುರಿಗೆ ನಿಲ್ಲಿಸಬೇಡಿ. ‘ನಮ್ಮವಳದ್ದೇ ಚಂದ ಇತ್ತು’ ಅನ್ನುವುದು ಅಪೀಲಿಗೆ ಕಾರಣವಲ್ಲ. ಮಗು ಅಂಗಣದಲ್ಲಿರುವಾಗ ಬದಿಯಿಂದ “ಮೇಲೆ ನೋಡು, ಕೈ ಚಾಚು” ಅಂತ ಕೂಗಬೇಡಿ. ಕೂಗಿದ ಕೂಡಲೇ ಅದು ನಿಮ್ಮನ್ನು ನೋಡುತ್ತದೆ, ಬ್ಯಾಟನ್ ಬೀಳುತ್ತದೆ. ಮನೆಗೆ ಬಂದ ಮೇಲೆ ವಿಡಿಯೋ ಹಾಕಿ ಬೇರೆ ಮಗು ಬೀಳಿಸಿದ ಜಾಗವನ್ನು ಹಿಂದೆ ಮುಂದೆ ಮಾಡಿ ತೋರಿಸುವುದೂ ಬೇಡ.

ಕಾರಿನಲ್ಲೋ ಬಸ್ಸಿನಲ್ಲೋ ಕೂತ ತಕ್ಷಣ ಕೇಳುವ ಮೊದಲ ಪ್ರಶ್ನೆ ‘ಎಷ್ಟನೇ ಸ್ಥಾನ?’ ಆಗದಿರಲಿ. ಹಸಿವಾಗಿದೆಯಾ ಅಂತ ಕೇಳಿ. ಹೆಚ್ಚಾಗಿ ಆಗಿರುತ್ತದೆ, ಬೆಳಿಗ್ಗೆಯಿಂದ ಹೆದರಿಕೆಗೆ ಏನೂ ತಿಂದಿರುವುದಿಲ್ಲ.

ಅವತ್ತು ರಾತ್ರಿ ಎರಡು ಕೆಲಸ ಬಾಕಿ ಇರುತ್ತದೆ. ಬ್ಯಾಟನ್ನನ್ನು ಒಣಬಟ್ಟೆಯಲ್ಲಿ ಒರೆಸಬೇಕು. ಬೆವರಿನ ಉಪ್ಪು ಉಳಿದರೆ ಲೋಹಕ್ಕೆ ಕಲೆ ಬೀಳುತ್ತದೆ, ಮುಂದಿನ ಸಲ ಕೈಯಲ್ಲಿ ನಯವಾಗಿ ಜಾರುವುದಿಲ್ಲ. ತುದಿಯ ರಬ್ಬರ್ ಸೀಳಿದೆಯಾ ಅಂತಲೂ ನೋಡಿ. ಮುರಕಲ್ಲಿನಲ್ಲಿ ಆಡಿದ್ದರೆ ಸೀಳಿಯೇ ಇರುತ್ತದೆ. ಆಮೇಲೆ ಪುಸ್ತಕ ತೆಗೆದು ತಾರೀಕು, ಊರು, ಗುಂಪು, ಎಷ್ಟು ಬಿತ್ತು. ಕಪ್ ಬಂದಿದ್ದರೆ ಅದನ್ನು ಎಲ್ಲಿಡಬೇಕು ಅಂತ ಅಮ್ಮನನ್ನು ಕೇಳಿ, ನಮ್ಮ ಪುಸ್ತಕದಲ್ಲಿ ಅದಕ್ಕೆ ಗೆರೆ ಎಳೆದಿಲ್ಲ.